ಕೋಡಿ ಬಿಟ್ಟ ಲೆಕ್ಕ

ಪ್ರಕೃತಿಯನ್ನು ಹತೋಟಿಗೆ ತರಬೇಕೋ, ಗೌರವಿಸಬೇಕೋ ಎಂಬ ಚರ್ಚೆ ಬಂದಾಗಲೆಲ್ಲ ಅಣೆಕಟ್ಟಿನ ಪಕ್ಷ, ಕಾಡಿನ ಪಕ್ಷ ಎಂದು ಎರಡು ಗುಂಪಾಗುತ್ತದೆ. ನಮ್ಮ ಕೆರೆಯನ್ನು ಯಾವ ಗುಂಪಿಗೆ ಸೇರಿಸುವುದು? ಅದೇನು ತಾನಾಗಿ ಹುಟ್ಟಿದ್ದಲ್ಲ. ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ ನೀರನ್ನು ತಡೆದು ನಿಲ್ಲಿಸಿದ್ದು. ಅಂದರೆ ಕೆರೆಯೂ ಹತೋಟಿಯೇ. ಆದರೂ ಅದನ್ನು ಪ್ರಕೃತಿಯ ಮೇಲಿನ ದಬ್ಬಾಳಿಕೆ ಎನ್ನಲು ನಾಲಿಗೆ ಏಳುವುದಿಲ್ಲ.

ಕಾರಣ ಕೆರೆಯ ಕಟ್ಟೋಣದಲ್ಲೇ ಇದೆ. ಏರಿಗೆ ತೂಬು ಇರುತ್ತದೆ, ಒಂದು ಬದಿಗೆ ಕೋಡಿ ಇರುತ್ತದೆ. ತೂಬು ನಮ್ಮ ಅಗತ್ಯಕ್ಕೆ: ಅಚ್ಚುಕಟ್ಟಿಗೆ ಬೇಕಾದಷ್ಟು ನೀರು ಬಿಡಲು ನೀರುಗಂಟಿ ಅದನ್ನು ತೆರೆದು ಮುಚ್ಚುತ್ತಿದ್ದ. ಕೋಡಿ ಮಳೆಯ ಪಾಲಿನದು. ಎಷ್ಟು ಸುರಿದೀತೆಂದು ತನಗೆ ತಿಳಿಯದು ಎಂಬುದನ್ನು ಕೆರೆ ಕಟ್ಟಿಸಿದವನು ಕಲ್ಲಿನಲ್ಲಿ ಒಪ್ಪಿಕೊಂಡ ಜಾಗ ಅದು. ಕೋಡಿ ಇಲ್ಲದ ಏರಿ ಒಂದು ಜಡಿಮಳೆಗೆ ಒಡೆಯುತ್ತದೆ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ದೊಡ್ಡ ನದಿಯ ಆಸರೆಯಿಲ್ಲದೆ ಬೆಂಗಳೂರು ಬಾಳಿದ್ದು ಈ ಲೆಕ್ಕದಿಂದಲೇ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ. ಹಾಗೆಯೇ ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. 1890ರ ದಶಕದಲ್ಲಿ ಹೆಸರಘಟ್ಟದಿಂದ, 1974ರಲ್ಲಿ ಕಾವೇರಿಯಿಂದ ಕೊಳವೆ ನೀರು ಬಂದಂತೆ ಕೆರೆಗಳ ಹಂಗು ಹರಿಯಿತು ಎಂದುಕೊಂಡೆವು. ಧರ್ಮಾಂಬುಧಿ ಕೆರೆಯ ಅಂಗಳ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸುತ್ತಮುತ್ತಲ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಸಾಗಿಸಬೇಕಾಯಿತು. 2024ರ ಮಾರ್ಚಿಗೆ ಕೊಳವೆಬಾವಿಗಳು ಬತ್ತಿ, ಅದೇ ನಗರ ಟ್ಯಾಂಕರಿಗೆ ಕಾದು ಕೂತಿತು. ಮುಳುಗಿದ್ದಕ್ಕೂ ಒಣಗಿದ್ದಕ್ಕೂ ಮೂಲ ಒಂದೇ: ಬಿದ್ದ ನೀರಿಗೆ ಹೋಗಲೂ ನಿಲ್ಲಲೂ ಜಾಗ ಉಳಿಸಿರಲಿಲ್ಲ.

ಹಾಗೆಂದು ಹಿಂದಿನವರನ್ನೆಲ್ಲ ಋಷಿಗಳನ್ನಾಗಿ ಮಾಡಬೇಕಿಲ್ಲ. ನೀರು ಬರಲೆಂದು ಸೊಸೆ ಭಾಗೀರಥಿಯನ್ನು ಬಲಿಕೊಟ್ಟ ಕತೆ ಹೇಳುವ ಜನಪದ ಹಾಡು ‘ಕೆರೆಗೆ ಹಾರ’ ಹುಟ್ಟಿದ್ದೂ ಅವರ ನಡುವೆಯೇ. ಭಯ ಬೇರೆ, ಗೌರವ ಬೇರೆ. ಪೂಜೆಯೂ ಗೌರವವಾಗಬೇಕೆಂದಿಲ್ಲ: ತುಂಬಿದ ಕೆರೆಗೆ ಬಾಗಿನ ಬಿಟ್ಟು ಬಂದು ರಾಜಕಾಲುವೆಯ ಮೇಲೆ ಗೋಡೆ ಎಬ್ಬಿಸುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಕೋಟಿ ದಾಟಿದ ಜನಕ್ಕೆ ಕೆರೆ ನೀರು ಸಾಲುವುದೇ ಎಂದು ಕೇಳಿದರೆ, ಸಾಲದು. ಸುಮಾರು 100 ಕಿಲೋಮೀಟರ್ ದೂರದ ಕಾವೇರಿ ಬೇಕು, ಪಂಪುಗಳೂ ಬೇಕು. ಆದರೆ ತೂಬು ದೊಡ್ಡದಾಯಿತೆಂದು ಕೋಡಿ ಮುಚ್ಚುವ ರೈತ ಎಲ್ಲೂ ಇಲ್ಲ. ಗೌರವವೆಂದರೆ ಕೈಕಟ್ಟಿ ಕೂರುವುದಲ್ಲ, ನಮ್ಮ ಲೆಕ್ಕ ತಪ್ಪಬಹುದೆಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುವುದು. ಬಡಾವಣೆಯ ನಕ್ಷೆಯಲ್ಲಿ ನಿವೇಶನಗಳಿಗೆ ನಂಬರು ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿದರೆ ಸಾಕು: ನಾವೆಣಿಸದಷ್ಟು ಮಳೆ ಬಂದ ದಿನ ನೀರು ಯಾವ ದಾರಿ ಹಿಡಿಯಬೇಕು?