ಕೆರೆಗೆ ಹಾದಿ ಇಲ್ಲದೆ ನೀರು ಬಂದರೇನು?

ಬೇಲೂರು, ಹಳೇಬೀಡಿನ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಆದರೆ ಆ ರಾಜಧಾನಿಗಳಿಗೆ ನೀರುಣಿಸಿದ ಕೆರೆಗಳಿಗೆ ಅಂಥ ಮರ್ಯಾದೆ ಸಿಕ್ಕಿಲ್ಲ. ಬೇಲೂರಿಗೆ ವಿಷ್ಣುಸಮುದ್ರ, ಹಳೇಬೀಡಿಗೆ ದ್ವಾರಸಮುದ್ರ. ಅರಸೀಕೆರೆಯಂತೂ ಕೆರೆಯಿಂದಲೇ ಹೆಸರು ಪಡೆದ ಊರು.

ಬಾಬಾಬುಡನ್‌ಗಿರಿ ಸೀಮೆಯಲ್ಲಿ ಹುಟ್ಟುವ ಯಗಚಿ, ಬೇಲೂರು ದಾಟಿ ಹೇಮಾವತಿಯನ್ನು ಸೇರಿ ಕಾವೇರಿಯ ಪಾಲಾಗುತ್ತದೆ. ಪೂರ್ವಕ್ಕೆ ಸರಿದಂತೆ ಮಳೆ ಇಳಿಮುಖ. ಹಿರೇಕಲ್ಲು ಗುಡ್ಡ, ಜೇನುಕಲ್ಲು ಬೆಟ್ಟಗಳ ಅರಸೀಕೆರೆಗೆ ಬಂದರೆ ಅಪ್ಪಟ ಬಯಲುಸೀಮೆ. ತಾಲ್ಲೂಕಿನ ಉತ್ತರ ಭಾಗದ ಹಳ್ಳಗಳು ವೇದಾವತಿಯ ಮೂಲಕ ಕೃಷ್ಣಾ ಕಣಿವೆಗೆ ಹೋಗುತ್ತವೆ. ವರ್ಷವಿಡೀ ಹರಿಯುವ ನದಿಯಿಲ್ಲದ ಇಲ್ಲಿ ತೆಂಗಿನ ತೋಟಗಳು ನಿಂತಿರುವುದು ಕೊಳವೆಬಾವಿಗಳ ಮೇಲೆ. ಅವುಗಳಿಗೆ ಜೀವ ತುಂಬಬೇಕಾದದ್ದು ಕೆರೆಗಳು.

ಹೀಗಾಗಿ ಜನ ಪಶ್ಚಿಮದ ನೀರಿಗೆ ಆಸೆಪಡುವುದು ಸಹಜ. ಯಗಚಿಯ ನೀರನ್ನು ಹಳೇಬೀಡು, ಮಾದಿಹಳ್ಳಿ ಹೋಬಳಿಗಳ ಕೆರೆಗಳಿಗೆ ತರುವ ರಣಘಟ್ಟ ಯೋಜನೆಗಾಗಿ ರೈತರು ವರ್ಷಗಟ್ಟಲೆ ಹೋರಾಡಿದರು. ಇನ್ನು ಪಶ್ಚಿಮ ಘಟ್ಟದ ಹೊಳೆಗಳ ನೀರನ್ನು ಪೂರ್ವದ ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಯ ಲೆಕ್ಕವೇ ಬೇರೆ. 24 ಟಿಎಂಸಿ ಅಡಿ ನೀರಿನ ಈ ಯೋಜನೆಯ ಅಂದಾಜು ವೆಚ್ಚ 23 ಸಾವಿರ ಕೋಟಿ ರೂಪಾಯಿ ದಾಟಿದೆ. ಅಲ್ಲಿ ಸಿಗುವುದೇ 9.55 ಟಿಎಂಸಿ ಅಡಿ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ಎಚ್ಚರಿಸಿತ್ತು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಯಾದಾಗ ಮುಂದಿನ ಕಾಲುವೆ ಸಿದ್ಧವಿರಲಿಲ್ಲ. ಎತ್ತಿದ ನೀರನ್ನು ವೇದಾವತಿ ಕಣಿವೆಯ ವಾಣಿವಿಲಾಸ ಸಾಗರದತ್ತ ಬಿಡಬೇಕಾಯಿತು.

ನೀರು ಎಷ್ಟೇ ಬರಲಿ, ನಿಲ್ಲಬೇಕಾದದ್ದು ಕೆರೆಯಲ್ಲೇ. ಹೂಳು ತುಂಬಿದ ಅಂಗಳ, ಒತ್ತುವರಿಯಾದ ಕಾಲುವೆ, ಶಿಥಿಲ ತೂಬು, ಮುರಿದ ಕೋಡಿ ಇದ್ದರೆ ನೀರು ಒಂದು ಕೆರೆಯಿಂದ ಮತ್ತೊಂದಕ್ಕೆ ಇಳಿಯುವುದಾದರೂ ಹೇಗೆ? ಇದನ್ನು ನೋಡಿಕೊಳ್ಳುವವರು ಯಾರೆಂಬುದೂ ಗೋಜಲು. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆಯಿದ್ದರೆ ಪಂಚಾಯತ್ ರಾಜ್ ಸಂಸ್ಥೆಗಳು. ಸರಣಿ ಕೆರೆಗಳು ಒಂದೇ ಹಳ್ಳದ ನೀರು ಹಂಚಿಕೊಂಡರೂ ಹೊಣೆ ಹರಿದು ಹಂಚಿಹೋಗಿದೆ.

ಹೊರಗಿನ ನೀರು ಬೇಡವೆಂದಲ್ಲ. ಅದಕ್ಕೂ ಮೊದಲು ಮಾಡಬೇಕಾದ ಕೆಲಸಗಳಿವೆ. ಬೇಲೂರು, ಹಳೇಬೀಡು, ಅರಸೀಕೆರೆ ಮೂರೂ ಕಡೆ ಕೆರೆ ಸರಣಿಗಳ ಸರ್ವೆ ನಡೆದು, ಕಾಲುವೆಗಳ ಒತ್ತುವರಿ ತೆರವಾಗಲಿ. ಇಡೀ ಹಳ್ಳದ ಉಸ್ತುವಾರಿ ಒಬ್ಬ ಅಧಿಕಾರಿಗೆ ಸೇರಲಿ. ನಿರ್ವಹಣೆಗೆ ಬಜೆಟ್‌ನಲ್ಲಿ ಪ್ರತಿವರ್ಷ ಹಣ ಮೀಸಲಾಗಲಿ. ಇಷ್ಟನ್ನೂ ಮಾಡದೆ ಪೈಪು ಎಳೆದರೆ ಗುತ್ತಿಗೆದಾರರ ಬಿಲ್ ಪಾವತಿಯಾದೀತು, ಅರಸೀಕೆರೆಯ ತೆಂಗು ಉಳಿಯದು.