ಕಂಠ ಯಾರದು?

ಹಳೆಯ ಗಣಕಯಂತ್ರದಲ್ಲಿ ಅಂತರ್ಜಾಲದ ರೇಡಿಯೊ ನುಡಿಸಲು ಹೆಣಗುವ ಹವ್ಯಾಸಿಗಳನ್ನು ಕಂಡು ನಗುವವರುಂಟು. ಅಂಗೈಯ ಮೊಬೈಲು ಕ್ಷಣದಲ್ಲಿ ಮಾಡುವ ಕೆಲಸಕ್ಕೆ ಮುದಿ ಯಂತ್ರವನ್ನೇಕೆ ಹಿಂಸಿಸಬೇಕೆಂಬುದು ಅವರ ಪ್ರಶ್ನೆ. ಆ ನಗೆಯ ಮೇಲೆ ನನಗೆ ಕೋಪವಿಲ್ಲ. ನನ್ನ ತಕರಾರು ಇರುವುದು ಹವ್ಯಾಸಿಗಳಲ್ಲೇ ಒಂದು ಪಂಗಡದೊಡನೆ.

ಕಾಮೊಡೋರ್ 64 ಎಂಬ ಯಂತ್ರವನ್ನೇ ನೋಡೋಣ. ಅದು ಮಾರಾಟಕ್ಕೆ ಬಂದದ್ದು 1982ರಲ್ಲಿ. ಅಮೆರಿಕದ ಕಾರ್ಲ್ ಮಲಮುದ್ ಅಂತರ್ಜಾಲದ ಮೂಲಕ ರೇಡಿಯೊ ಕಾರ್ಯಕ್ರಮಗಳನ್ನು ಆರಂಭಿಸಿದ್ದು 1993ರಲ್ಲಿ. ಕಿವಿ ಹುಟ್ಟಿ 11 ವರ್ಷದ ಮೇಲೆ ದನಿ ಹುಟ್ಟಿತು! ಸಾಧಾರಣ ಎಂಪಿ3 ಪ್ರಸಾರವು ಸೆಕೆಂಡಿಗೆ 16,000 ಬೈಟುಗಳಂತೆ ಹರಿದುಬರುತ್ತದೆ. ಈ ಯಂತ್ರದ ಸ್ಮೃತಿಯೆಲ್ಲ ಸೇರಿ 64 ಕಿಲೊಬೈಟು; ನಾಲ್ಕು ಸೆಕೆಂಡಿಗೆ ಪಾತ್ರೆ ತುಂಬಿತು. ಸಂಕೇತವನ್ನು ಬಿಡಿಸಲು ಲಕ್ಷಗಟ್ಟಲೆ ಗುಣಾಕಾರ ಬೇಕು. ಇದರ ಸಂಸ್ಕಾರಕಕ್ಕೋ ಗುಣಿಸುವ ಆದೇಶವೇ ಇಲ್ಲ, ಕೂಡಿ ಕೂಡಿಯೇ ಗುಣಿಸಬೇಕು.

ಆದುದರಿಂದ ಕೆಲವರು ಯಂತ್ರದ ಬೆನ್ನಿಗೆ ಇಂದಿನ ಪುಟ್ಟ ಚಿಪ್ಪೊಂದನ್ನು ಸಿಕ್ಕಿಸುತ್ತಾರೆ. ಪ್ರಸಾರವನ್ನು ಪಡೆಯುವುದು, ಬಿಡಿಸುವುದು, ಧ್ವನಿವರ್ಧಕಕ್ಕೆ ಕಳಿಸುವುದು ಎಲ್ಲವೂ ಅದರದೇ. ಮುದಿ ಯಂತ್ರ ನಿಲಯಗಳ ಪಟ್ಟಿ ತೋರಿಸಿ ಕುಳಿತಿರುತ್ತದೆ. ಇದು ಹಿನ್ನೆಲೆ ಗಾಯನ. ನಟನ ತುಟಿಯಷ್ಟೇ ಅಲುಗುತ್ತದೆ. ಚಿತ್ರಮಂದಿರದಲ್ಲಿ ಇದು ಸಲ್ಲುತ್ತದೆ, ಏಕೆಂದರೆ ಗಾಯಕನ ಹೆಸರನ್ನು ಅಲ್ಲಿ ಮುಚ್ಚಿಡುವುದಿಲ್ಲ.

ಇನ್ನೊಂದು ದಾರಿಯುಂಟು. ಮನೆಯ ಹೊಸ ಗಣಕವೊಂದು ಪ್ರಸಾರವನ್ನು ಬಿಡಿಸಿ, ಸೆಕೆಂಡಿಗೆ 8,000 ಮಾದರಿಗಳಿಗೆ ಇಳಿಸಿ, ಹಳೆಯ ಯಂತ್ರಕ್ಕೆ ಕಳಿಸುತ್ತದೆ. ಇಲ್ಲಿಯೂ ಊರುಗೋಲು ಇದೆಯಲ್ಲ ಎಂದರೆ, ಇದೆ, ಒಪ್ಪಿದೆ. ಆದರೆ ಕಠಿಣ ಗ್ರಂಥವನ್ನು ಒಬ್ಬರು ಬಿಡಿಸಿ ಹೇಳಿಕೊಡುವುದು ಬೇರೆ, ಪರದೆಯ ಹಿಂದೆ ನಿಂತು ಅವರೇ ಹಾಡಿಬಿಡುವುದು ಬೇರೆ. ಇಲ್ಲಿ ಕಂಠ ಯಂತ್ರದ್ದೇ.

ಎಂತಹ ಕಂಠ! ಅದರ ಧ್ವನಿಚಿಪ್ಪು ಸ್ವರಗಳನ್ನು ಹುಟ್ಟಿಸಲು ಮಾಡಿದ್ದೇ ಹೊರತು ಮಾತಾಡಲಲ್ಲ. ಅದರ ಧ್ವನಿಮಟ್ಟಕ್ಕೆ 16 ಮೆಟ್ಟಿಲು. ಮೆಟ್ಟಿಲು ಬದಲಿಸಿದಾಗ 'ಟಿಕ್' ಎಂಬ ಸಣ್ಣ ಸದ್ದು. ಸೆಕೆಂಡಿಗೆ 8,000 ಸಲ ಬದಲಿಸಿದರೆ ಆ ಟಿಕ್‌ಗಳೇ ಕೂಡಿ ಮಾತಾಗುತ್ತವೆ. ಈ ಸದ್ದಿಗೆ ಕಾರಣ ಚಿಪ್ಪಿನ ರಚನೆಯ ಒಂದು ಕೊರತೆ. ಮುಂದೆ ಬಂದ ಪರಿಷ್ಕೃತ ಚಿಪ್ಪಿನಲ್ಲಿ ಕೊರತೆ ನೀಗಿತು, ಮಾತೂ ಪಿಸುಮಾತಾಯಿತು. (ಪರಿಷ್ಕರಣಪ್ರಿಯರಾದ ನಮ್ಮ ಸಂಪಾದಕ ಮಿತ್ರರು ಇದನ್ನು ಗಮನಿಸಬೇಕು.)

ಮೊದಲ ದಾರಿ ಹಿಡಿದ ವಿದ್ಯಾರ್ಥಿ ಪಟ್ಟಿ ಬರೆಯುವುದನ್ನು ಕಲಿತಾನು. ಎರಡನೆಯದನ್ನು ಹಿಡಿದವನಿಗೆ ಧ್ವನಿಯೆಂದರೇನೆಂಬುದು ಕೈಗೆ ತಾಗುತ್ತದೆ. ಸಂಸ್ಕಾರಕದ ಗಡಿಯಾರ ಸೆಕೆಂಡಿಗೆ ಬಡಿಯುವುದು ಸುಮಾರು 10 ಲಕ್ಷ ಸಲ; ಒಂದೊಂದು ಮಾದರಿಯ ಪಾಲಿಗೆ 125 ಬಡಿತ. ಅಷ್ಟರೊಳಗೆ ತರಬೇಕು, ಇಡಬೇಕು, ನುಡಿಯಬೇಕು. ಇದರ ನಡುವೆ ಚಿತ್ರಚಿಪ್ಪು ಪ್ರತಿ ಎಂಟನೆಯ ಗೆರೆಗೊಮ್ಮೆ ಸ್ಮೃತಿಯನ್ನು ತಾನೇ ಹಿಡಿದು ಸಂಸ್ಕಾರಕವನ್ನು 40 ಬಡಿತದಷ್ಟು ಹೊತ್ತು ನಿಲ್ಲಿಸಿಬಿಡುತ್ತದೆ. ತಾಳ ತಪ್ಪಿ ದನಿ ನಡುಗುತ್ತದೆ.

ಇದಕ್ಕೆ ಬಲ್ಲವರು ಕಂಡ ಉಪಾಯ, ಪ್ರಸಾರ ನಡೆಯುವಷ್ಟು ಹೊತ್ತು ತೆರೆಯನ್ನೇ ಬರಿದು ಮಾಡುವುದು. ಆಲಾಪನೆಗೆ ಕುಳಿತ ವಿದ್ವಾಂಸರಂತೆ ಈ ಮುದಿ ಯಂತ್ರವೂ ಕಣ್ಣು ಮುಚ್ಚಿ, ನಿಲಯದ ಹೆಸರನ್ನೂ ತೋರದೆ, ಗೊಗ್ಗರು ದನಿಯಲ್ಲಿ ಹಾಡುತ್ತದೆ.