ಭಾರ ಎತ್ತುವ ಮುಂಚೆ ಉಸ್ತಾದನನ್ನು ತೂಗಿ ನೋಡಿ

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಜಿಮ್ಮಿನ ಬೋರ್ಡಿಗೆ ಈಗ ಕೊರತೆಯಿಲ್ಲ. ದೊಡ್ಡ ಶಹರದ 'ಕ್ರಾಸ್‌ಫಿಟ್' ಗಾಳಿ ಇತ್ತಕಡೆಗೂ ಬೀಸುತ್ತಿದೆ. ಅಂಗಡಿ ಗಾದಿಯ ಮೇಲೆ ಕೂತು ಹೊಟ್ಟೆ ಬೆಳೆಸಿದವರೂ ದುಡ್ಡು ಕೊಟ್ಟು ಬೆವರು ಸುರಿಸಲು ಹೊರಟಿದ್ದಾರೆ. ಒಳ್ಳೆಯದೇ. ಆದರೆ ಯಾರ ಕೈಗೆ ಮೈ ಒಪ್ಪಿಸುತ್ತಿದ್ದೀರಿ ಎಂದು ವಿಚಾರ ಮಾಡಿದ್ದೀರಾ?

ಇದೇನು ಹೊಸ ವಿದ್ಯೆಯೇ? ಹೆಸರು ಮಾತ್ರ ಹೊಸದು. ಅಮೆರಿಕದ ಗ್ರೆಗ್ ಗ್ಲಾಸ್‌ಮನ್ 2000ರಲ್ಲಿ ಕ್ರಾಸ್‌ಫಿಟ್ ಕಂಪನಿ ಶುರು ಮಾಡಿದರು. ಎತ್ತು, ಎಳೆ, ಜಿಗಿ, ಓಡು. ಅದೂ ಗಡಿಯಾರ ಹಿಡಿದು, ಏದುಸಿರು ಬರುವ ಹಾಗೆ. ನಮ್ಮ ಗರಡಿಯ ದಂಡ-ಬೈಠಕ್, ಜಾತ್ರೆಯಲ್ಲಿ ಚೀಲ ಎತ್ತುವುದು, ಗುಂಡು ಎತ್ತುವುದು ಇದೇ ಜಾತಿಯವು. ಪಕ್ಕದ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ ಕುಸ್ತಿ ಮೈದಾನ 1912ರದು. ಆ ಮಣ್ಣಿನ ವಾಸನೆ ನಮ್ಮ ಹಳ್ಳಿಗಳಿಗೂ ಹೊಸದಲ್ಲ.

ಫರಕು ಇರುವುದು ಬೇರೆ ಕಡೆ. ತಾಲೀಮಿನ ಉಸ್ತಾದ ಹೊಸ ಹುಡುಗನಿಗೆ ಮೊದಲು ಮಣ್ಣು ಹದ ಮಾಡಿಸಿ, ಬೈಠಕ್ಕಿನ ಲೆಕ್ಕ ನಿಧಾನ ಏರಿಸುತ್ತಿದ್ದ. ಈಗಿನ ಕೆಲವು ಕಡೆ ಮೂರು ತಿಂಗಳ ಫೀ ಮುಂಗಡ ತಗೊಂಡು, ಮೊದಲ ದಿನವೇ ಬೆನ್ನು ಮುರಿಯುವ ಭಾರ!

ಜಪಾನಿನ ಇಜುಮಿ ತಬಾಟ ತಂಡ 1996ರಲ್ಲಿ ಪ್ರಕಟಿಸಿದ ಹೆಸರಾಂತ ಪ್ರಯೋಗದಲ್ಲಿ 20 ಸೆಕೆಂಡು ಜೋರು, 10 ಸೆಕೆಂಡು ವಿಶ್ರಾಂತಿ ಎಂಬ ಲೆಕ್ಕವಿತ್ತು. ಆದರೆ ಅದನ್ನು ಮಾಡಿದವರು ಮೊದಲೇ ಪಳಗಿದ ತರುಣರು. ಸಕ್ಕರೆ ಕಾಯಿಲೆ, ಬಿ.ಪಿ. ಇರುವ ನಲವತ್ತೈದರ ಸಾಹುಕಾರನಿಗೆ ಅದೇ ಲೆಕ್ಕ ಹಚ್ಚಿದರೆ ಹೇಗೆ? 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯಾಘಾತದಿಂದ ಹೋದರು. ವ್ಯಾಯಾಮವೇ ಕಾರಣ ಎನ್ನಲು ಬರುವುದಿಲ್ಲ. ಆದರೆ ಮೈ ಗಟ್ಟಿ ಕಂಡ ಮಾತ್ರಕ್ಕೆ ಹೃದಯವೂ ಗಟ್ಟಿ ಇದೆ ಎಂಬ ಭ್ರಮೆ ಅಂದು ಒಡೆಯಿತು.

ಹಾಗಾದರೆ ಒಳ್ಳೆಯ ಜಿಮ್ ಯಾವುದು? ಫೀ ಕೇಳುವ ಮೊದಲು ನಿಮ್ಮ ರೋಗ-ರುಜಿನ ಕೇಳುವುದು. ಖಾಲಿ ಕೋಲಿನಲ್ಲಿ ವರಸೆ ತಿದ್ದಿ, ಆಮೇಲೆ ಭಾರ ಹಾಕಿಸುವುದು. 'ಇವತ್ತು ಸಾಕು, ಮನೆಗೆ ಹೋಗು' ಎನ್ನುವ ತರಬೇತುದಾರ ಇರುವುದು. ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ಬಲ್ಲವನೊಬ್ಬ ಸದಾ ಹಾಜರಿರುವುದು. ಗಾಳಿ-ಬೆಳಕು ಬೇಕು, ತಗಡಿನ ಶೆಡ್ಡಾದರೆ ಬೇಸಿಗೆಯಲ್ಲಂತೂ ಎಚ್ಚರ. ಹಣ ಕಟ್ಟುವ ಮೊದಲು ಒಂದು ತಾಸು ಮೂಲೆಯಲ್ಲಿ ನಿಂತು ನೋಡಿರಿ. ನಿಲ್ಲಲು ಬಿಡದಿದ್ದರೆ ಬಂದ ದಾರಿ ಹಿಡಿಯಿರಿ.

ರೂಢಿಯಿಲ್ಲದೆ ಅತಿಯಾಗಿ ಮಾಡಿದರೆ ಸ್ನಾಯು ಒಡೆದು, ಅದರ ಅಂಶ ರಕ್ತ ಸೇರಿ, ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ತಡೆಯಲಾರದ ನೋವು, ಬಾವು, ಕರೀ ಚಹಾ ಬಣ್ಣದ ಮೂತ್ರ ಕಂಡರೆ ತರಬೇತುದಾರನಲ್ಲ, ಡಾಕ್ಟರೇ ಬೇಕು. ಇನ್ನು ಡಬ್ಬಿ ಪೌಡರಿನ ಮೇಲೆ ಆಹಾರ ಇಲಾಖೆಯ 14 ಅಂಕಿಯ ಲೈಸೆನ್ಸ್ ನಂಬರು ಇಲ್ಲದಿದ್ದರೆ ಮುಟ್ಟಬೇಡಿ. ತೋಳಿಗೆ ಇಂಜೆಕ್ಷನ್ ಎಂದರೆ ಅಲ್ಲಿಂದ ಕಾಲು ಕಿತ್ತಿರಿ.

ಕೊನೆಗೊಂದು ಪ್ರಶ್ನೆ. ಪುರಸಭೆಯ ವ್ಯಾಪಾರ ಪರವಾನಗಿ ಅಂಗಡಿಗೆ ಸಂಬಂಧಿಸಿದ್ದು, ಉಸ್ತಾದನ ವಿದ್ಯೆಗಲ್ಲ. ಪುನೀತ್ ನಿಧನದ ನಂತರ ಜಿಮ್‌ಗಳಿಗೆ ಮಾರ್ಗಸೂಚಿ ತರುವ ಮಾತನ್ನು ಸರ್ಕಾರವೇ ಆಡಿತ್ತು. ಚಹಾದ ಅಂಗಡಿಯ ಗ್ಲಾಸು ಪರೀಕ್ಷಿಸುವ ಅಧಿಕಾರಿಗಳು, ನಮ್ಮ ಹುಡುಗರ ಬೆನ್ನೆಲುಬು ಯಾರ ಕೈಯಲ್ಲಿದೆ ಎಂದೂ ಒಮ್ಮೆ ನೋಡಬಾರದೇ?